ಅಮ್ಮನ ಪ್ಲೇಟ್‌ಲೆಟ್ ಇಳಿದದ್ದು ಲಿವರ್‌ನಿಂದಲೋ, ರಕ್ತದಿಂದಲೋ?

ಪ್ರಶ್ನೆ: ಡಾಕ್ಟರೇ, ನಾವು ಶಿಡ್ಲಘಟ್ಟದವರು. ಮನೆಯಲ್ಲೇ ರೇಷ್ಮೆ ನೂಲು ಬಿಚ್ಚಾಣಿಕೆ ಕಸುಬು. ಅಮ್ಮನಿಗೆ 46 ವರ್ಷ. ಎರಡು ವರ್ಷದ ಹಿಂದೆ ಕಾಮಾಲೆ ಬಂತು. ಬೆಂಗಳೂರಿನಲ್ಲಿ ಲಿವರ್‌ನ ಚೂರು ತೆಗೆದು ಪರೀಕ್ಷೆ ಮಾಡಿ, ‘ಆಟೋಇಮ್ಯೂನ್ ಹೆಪಟೈಟಿಸ್, ಸಿರೋಸಿಸ್ ಶುರುವಾಗಿದೆ’ ಅಂದರು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಅಜಥಯೊಪ್ರಿನ್ ಮಾತ್ರೆ ಕೊಟ್ಟರು. ಅಮ್ಮ ಚೇತರಿಸಿಕೊಂಡು ಕೆಲಸಕ್ಕೂ ಕೂತರು. ಆದರೆ ಮುಖ ಊದಿತು, ಶುಗರ್ ಬಂತು. ಐದು ತಿಂಗಳ ಹಿಂದೆ ನಮಗೆ ಹೇಳದೆ ಪ್ರೆಡ್ನಿಸೊಲೋನ್ ಬಿಟ್ಟಿದ್ದಾರೆ. ಇನ್ನೊಂದು ಮಾತ್ರೆ ನೆನಪಾದ ದಿನ ಮಾತ್ರ. ಜೊತೆಗೆ ದಿನಾ ಅಮೃತಬಳ್ಳಿ ಕಷಾಯ. ಹೋದ ತಿಂಗಳು ಒಸಡಲ್ಲಿ ರಕ್ತ, ಕಾಲಲ್ಲಿ ಕೆಂಪು ಚುಕ್ಕೆ, ಮುಟ್ಟು ನಿಲ್ಲದೆ ಹನ್ನೆರಡು ದಿನ. ಪ್ಲೇಟ್‌ಲೆಟ್ 14 ಸಾವಿರ, ಹಿಮೋಗ್ಲೋಬಿನ್ 6.8. ಮೊದಲು ಡೆಂಗಿ ಅಂದರು, ಪರೀಕ್ಷೆಯಲ್ಲಿ ಬರಲಿಲ್ಲ. ಆಮೇಲೆ ‘ಸಿರೋಸಿಸ್‌ನಲ್ಲಿ ಹೀಗೆ ಆಗುತ್ತೆ’ ಅಂತ ನಾಲ್ಕು ಬಾಟಲಿ ಪ್ಲೇಟ್‌ಲೆಟ್ ಹಾಕಿದರು. ಒಂದು ದಿನ ಏರಿ ಮತ್ತೆ ಇಳಿಯಿತು. ಬೆಂಗಳೂರಿನಲ್ಲಿ ಈಗ ‘ಕೂಂಬ್ಸ್ ಪಾಸಿಟಿವ್, ಇವಾನ್ಸ್ ಸಿಂಡ್ರೋಮ್’ ಅಂತ ಹೇಳಿ ಮತ್ತೆ ಅದೇ ಸ್ಟೀರಾಯ್ಡ್, ಅದೂ ಜಾಸ್ತಿ ಡೋಸ್ ಬರೆದಿದ್ದಾರೆ. ಆವಾಗ ಕೆಡಿಸಿದ ಮಾತ್ರೆಯನ್ನೇ ಮತ್ತೆ ಯಾಕೆ? ಮಜ್ಜೆ ಪರೀಕ್ಷೆ, ಸಿಟಿ ಸ್ಕ್ಯಾನ್ ಕೂಡ ಬರೆದಿದ್ದಾರೆ. ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಬಗ್ಗೆ ಹೆದರಿಸಿದ್ದಾರೆ. ಹಳೆಯ, ಹೊಸ ರಿಪೋರ್ಟು ಕಳಿಸಿದ್ದೇನೆ. ಇದು ಲಿವರ್ ಕಾಯಿಲೆಯೋ, ರಕ್ತದ ಕಾಯಿಲೆಯೋ? ಬ್ಲಡ್ ಕ್ಯಾನ್ಸರಾ? ನಮ್ಮ ಕಡೆ ಬೋರ್‌ವೆಲ್ ನೀರಿಂದ ಬಂದದ್ದಾ? ಗುಲ್ಮ (ಸ್ಪ್ಲೀನ್) ತೆಗೆಸಿದರೆ ಎಲ್ಲ ಸರಿಹೋಗುತ್ತೆ ಅಂತ ಒಬ್ಬರು ಹೇಳುತ್ತಾರೆ, ನಿಜವಾ? ನನಗೂ ತಂಗಿಗೂ ಬರುತ್ತದಾ? ಅಮ್ಮ ಮತ್ತೆ ನೂಲು ಬಿಚ್ಚುವ ಬೇಸಿನ್ ಮುಂದೆ ಕೂರಬಹುದಾ? ಊರಲ್ಲಿ ‘ಸಿರೋಸಿಸ್ ಅಂದರೆ ಕುಡಿತದ ರೋಗ’ ಅಂತ ಮಾತಾಡುವುದನ್ನು ಕೇಳಿ ಅಮ್ಮ ಊಟ ಬಿಟ್ಟು ಕೂತಿದ್ದಾರೆ.

ಉತ್ತರ: ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಸಿರೋಸಿಸ್ ಅಂದರೆ ಲಿವರ್ ಗಾಯವಾಗಿ, ಮಾಯ್ದು, ಮತ್ತೆ ಗಾಯವಾಗಿ ಗಟ್ಟಿಯಾದ ಸ್ಥಿತಿ. ಗಾಯ ಮಾಡಿದ್ದು ಯಾರು ಎನ್ನುವುದು ಬೇರೆ ಪ್ರಶ್ನೆ. ಹೆಂಡ ಮಾಡಬಹುದು. ಹೆಪಟೈಟಿಸ್ ಬಿ, ಸಿ ವೈರಸ್ ಮಾಡಬಹುದು. ಕೊಬ್ಬು ತುಂಬಿದ ಲಿವರ್‌ನಲ್ಲೂ ಆಗುತ್ತದೆ. ನಿಮ್ಮ ತಾಯಿಯವರಲ್ಲಿ ಅವರದೇ ದೇಹದ ಕಾವಲು ಪಡೆ ಲಿವರನ್ನು ಪರರ ಸೊತ್ತು ಅಂದುಕೊಂಡು ಹೊಡೆದಿದೆ. ಜೀವಮಾನದಲ್ಲಿ ಹೆಂಡದ ವಾಸನೆ ನೋಡದ ಎಷ್ಟೋ ಹೆಂಗಸರಿಗೆ ಈ ಕಾಯಿಲೆಗೆ ಔಷಧಿ ಬರೆದಿದ್ದೇನೆ. ಇದು ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ ಬರುವ ಕಾಯಿಲೆ. ಈ ಪ್ಯಾರಾವನ್ನು ಅವರಿಗೆ ಓದಿ ಹೇಳಿ. ಸಾಧ್ಯವಾದರೆ ಊರಿನ ಇಬ್ಬರು ಮೂವರು ಕೂತಿರುವಾಗ ಓದಿ.

ಈಗ ಮುಖ್ಯ ಪ್ರಶ್ನೆ. ರಿಪೋರ್ಟು ನೋಡಿ ನಾನು ಚಿಕಿತ್ಸೆ ಬರೆಯಲಾರೆ. ಆದರೆ ನೀವು ಕಳಿಸಿದ ಅಂಕಿಗಳು ಏನು ಹೇಳುತ್ತಿವೆ ಅಂತ ಬಿಡಿಸಿ ಹೇಳಬಲ್ಲೆ.

ನಮ್ಮ ಕಡೆಯವರಿಗೆ ಇದನ್ನು ಕೆರೆ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ನಿಮ್ಮೂರ ಕೆರೆ ಖಾಲಿ ಅಂದುಕೊಳ್ಳಿ. ಮಳೆಯೇ ಬಂದಿಲ್ಲದಿರಬಹುದು. ಮಳೆ ಬಂದರೂ ಮೇಲಿನ ಕೆರೆಯೇ ನೀರು ಹಿಡಿದಿಟ್ಟುಕೊಂಡು ಕೋಡಿ ಬೀಳದಿರಬಹುದು. ಇಲ್ಲವೇ ಕೆರೆಯ ಏರಿ ಒಡೆದು ಬಂದ ನೀರೆಲ್ಲ ಹೋಗುತ್ತಿರಬಹುದು. ಮೂರರಲ್ಲೂ ಕೆರೆ ಖಾಲಿಯೇ. ಮಾಡಬೇಕಾದ ಕೆಲಸ ಮಾತ್ರ ಬೇರೆ ಬೇರೆ.

ರಕ್ತದ ವಿಷಯದಲ್ಲಿ ಮಳೆ ಅಂದರೆ ಮೂಳೆಯೊಳಗಿನ ಮಜ್ಜೆ. ರಕ್ತ ಹೆಪ್ಪುಗಟ್ಟಿಸುವ ಕಣವಾದ ಪ್ಲೇಟ್‌ಲೆಟ್ ಹುಟ್ಟುವುದು ಅಲ್ಲಿ. ಅದಕ್ಕೆ ‘ಇನ್ನಷ್ಟು ಮಾಡು’ ಅಂತ ಹೇಳುವ ಹಾರ್ಮೋನು ತಯಾರಾಗುವುದು ಹೆಚ್ಚಾಗಿ ಲಿವರ್‌ನಲ್ಲೇ. ಲಿವರ್ ಸೋತರೆ ಆ ಕರೆ ಕ್ಷೀಣವಾಗುತ್ತದೆ. ಮೇಲಿನ ಕೆರೆ ಅಂದರೆ ಗುಲ್ಮ, ಎಡಗಡೆ ಪಕ್ಕೆಲುಬಿನ ಕೆಳಗಿರುವ ಅಂಗ. ಆರೋಗ್ಯವಂತರಲ್ಲೂ ಸುಮಾರು ಮೂರನೇ ಒಂದು ಭಾಗ ಪ್ಲೇಟ್‌ಲೆಟ್ ಗುಲ್ಮದಲ್ಲೇ ತಂಗಿರುತ್ತದೆ. ಸಿರೋಸಿಸ್‌ನಲ್ಲಿ ಗಟ್ಟಿಯಾದ ಲಿವರ್ ದಾಟಲಾಗದೆ ರಕ್ತ ಹಿಂದಕ್ಕೆ ಒತ್ತುತ್ತದೆ. ಗುಲ್ಮ ಊದುತ್ತದೆ. ತುಂಬಾ ದೊಡ್ಡದಾದ ಗುಲ್ಮ ಶೇ 90ರವರೆಗೆ ಪ್ಲೇಟ್‌ಲೆಟ್ಟುಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು. ಏರಿ ಒಡೆಯುವುದು ಅಂದರೆ ಕಾವಲು ಪಡೆ ತಯಾರಿಸುವ ಆಂಟಿಬಾಡಿಗಳ ಕೆಲಸ. ಅವು ಪ್ಲೇಟ್‌ಲೆಟ್ ಮೈಗೆ ಅಂಟಿಕೊಂಡು ಗುರುತು ಹಾಕುತ್ತವೆ. ಗುರುತು ಬಿದ್ದ ಕಣವನ್ನು ಗುಲ್ಮ ನುಂಗಿಬಿಡುತ್ತದೆ. ಎಂಟು ಹತ್ತು ದಿನ ಬದುಕಬೇಕಾದ ಕಣ ಗಂಟೆಗಳಲ್ಲಿ ಹೋಗುತ್ತದೆ. ಇದಕ್ಕೆ ಐಟಿಪಿ ಅನ್ನುತ್ತೇವೆ. ಕೆಂಪು ಕಣಕ್ಕೂ ಹೀಗೇ ಆದರೆ ಆಟೋಇಮ್ಯೂನ್ ಹೀಮೊಲಿಟಿಕ್ ಅನೀಮಿಯಾ. ಎರಡೂ ಒಟ್ಟಿಗೆ ಬಂದರೆ ಇವಾನ್ಸ್ ಸಿಂಡ್ರೋಮ್. 1951ರಲ್ಲಿ ಇದನ್ನು ವಿವರಿಸಿದ ಅಮೆರಿಕದ ವೈದ್ಯ ರಾಬರ್ಟ್ ಇವಾನ್ಸ್ ಅವರ ಹೆಸರು ಅದು.

ಈಗ ನಿಮ್ಮ ಹಳೆಯ ರಿಪೋರ್ಟ್ ತೆಗೆಯಿರಿ. ಒಂದು ವರ್ಷದ ಹಿಂದೆ ಕಾಯಿಲೆ ಹತೋಟಿಯಲ್ಲಿದ್ದಾಗ ಪ್ಲೇಟ್‌ಲೆಟ್ 92 ಸಾವಿರ. ಸ್ಕ್ಯಾನ್‌ನಲ್ಲಿ ಗುಲ್ಮ 14 ಸೆಂಟಿಮೀಟರ್. ಅದು ಮೇಲಿನ ಕೆರೆಯ ಲೆಕ್ಕ. ಸಿರೋಸಿಸ್‌ನಲ್ಲಿ ಪ್ಲೇಟ್‌ಲೆಟ್ ಸಾಮಾನ್ಯವಾಗಿ 50 ಸಾವಿರದಿಂದ ಒಂದೂವರೆ ಲಕ್ಷದ ನಡುವೆ ಇರುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಈಗ 14 ಸಾವಿರ! ಗುಲ್ಮ ಆಗಲೂ 14 ಸೆಂಟಿಮೀಟರ್, ಈಗಲೂ ಅಷ್ಟೇ. ಮೇಲಿನ ಕೆರೆ ದೊಡ್ಡದಾಗಿಲ್ಲ, ಕೆಳಗಿನ ಕೆರೆ ಮಾತ್ರ ಖಾಲಿಯಾಗಿದೆ. ಹಾಗಾದರೆ ಏರಿ ನೋಡಬೇಕು, ಅಲ್ವಾ?

ನಾಲ್ಕು ಬಾಟಲಿ ಪ್ಲೇಟ್‌ಲೆಟ್ ಒಂದೇ ದಿನದಲ್ಲಿ ಕರಗಿದ್ದೂ ಅದೇ ದಿಕ್ಕಿಗೆ ಕೈ ತೋರಿಸುತ್ತದೆ. ಬೇರೆಯವರ ಪ್ಲೇಟ್‌ಲೆಟ್‌ಗೂ ಅದೇ ಆಂಟಿಬಾಡಿ ಅಂಟಿಕೊಂಡಿದೆ. ಆಗ ಪ್ಲೇಟ್‌ಲೆಟ್ ಹಾಕಿದವರು ತಪ್ಪು ಮಾಡಿದರು ಅಂತ ನಾನು ಹೇಳುವುದಿಲ್ಲ. ರಕ್ತ ಸುರಿಯುತ್ತಿದ್ದರೆ ಹಾಕಲೇಬೇಕು. ಆದರೆ ಬರೀ ನಂಬರ್ ಏರಿಸಲು ಹಾಕುವುದರಿಂದ ಪ್ರಯೋಜನ ಇಲ್ಲ.

ರಕ್ತಹೀನತೆಯ ಕಥೆಯೂ ಹಾಗೇ. ಕಾಮಾಲೆಯ ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ ಒಟ್ಟು 4.2, ಅದರಲ್ಲಿ ‘ಇನ್‌ಡೈರೆಕ್ಟ್’, ಅಂದರೆ ಲಿವರ್ ಇನ್ನೂ ಸಂಸ್ಕರಿಸದ ಭಾಗ 3.1. ಲಿವರ್ ಕೆಟ್ಟು ಬರುವ ಕಾಮಾಲೆಯಲ್ಲಿ ಸಾಮಾನ್ಯವಾಗಿ ‘ಡೈರೆಕ್ಟ್’ ಭಾಗವೇ ಜಾಸ್ತಿ. ಇಲ್ಲಿ ಉಲ್ಟಾ. ಅಂದರೆ ಕೆಂಪು ಕಣಗಳು ಒಡೆದು ಹಳದಿ ಬಣ್ಣ ಬರುತ್ತಿದೆ. ರೆಟಿಕ್ಯುಲೊಸೈಟ್ ಎನ್ನುವ ಎಳೆಯ ಕೆಂಪು ಕಣಗಳು ಶೇ 9 ಇವೆ. ಮಜ್ಜೆ ಸುಮ್ನೆ ಕೂತಿಲ್ಲ, ಹಗಲೂ ರಾತ್ರಿ ದುಡಿಯುತ್ತಿದೆ ಅಂತ ಇದರ ಅರ್ಥ. ಕಣ ಒಡೆದಾಗ ಹೊರಬರುವ ಎಲ್‌ಡಿಎಚ್ ಕಿಣ್ವ ಹೆಚ್ಚಿದೆ. ಕೂಂಬ್ಸ್ ಪರೀಕ್ಷೆ ಪಾಸಿಟಿವ್. ಇಂಗ್ಲೆಂಡಿನ ಕೂಂಬ್ಸ್, ಮೌರಂಟ್, ರೇಸ್ ಎಂಬ ಮೂವರು 1945ರಲ್ಲಿ ಕಂಡುಹಿಡಿದ ಪರೀಕ್ಷೆ ಇದು. ಇವತ್ತಿಗೂ ಕೆಂಪು ಕಣದ ಮೇಲೆ ಆಂಟಿಬಾಡಿ ಅಂಟಿದೆಯೇ ಅಂತ ತಿಳಿಯಲು ನಮಗೆ ಇದೇ ದಾರಿ.

ಇಲ್ಲಿ ಎರಡು ಬಲೆಗಳಿವೆ. ಹ್ಯಾಪ್ಟೊಗ್ಲೋಬಿನ್ ಅನ್ನುವ ಪರೀಕ್ಷೆ ಕೆಂಪು ಕಣ ಒಡೆದಾಗ ಕಡಿಮೆ ಬರುತ್ತದೆ. ಆದರೆ ಅದು ತಯಾರಾಗುವುದೇ ಲಿವರ್‌ನಲ್ಲಿ. ಹಾಗಾಗಿ ಸಿರೋಸಿಸ್ ಇದ್ದವರಲ್ಲಿ ಅದನ್ನು ಒಂದನ್ನೇ ನಂಬುವ ಹಾಗಿಲ್ಲ. ಇನ್ನೊಂದು, ಲಿವರ್ ಕಾಯಿಲೆಯವರ ರಕ್ತದಲ್ಲಿ ಗಾಮಾ ಗ್ಲೋಬ್ಯುಲಿನ್ (ಆಂಟಿಬಾಡಿಗಳಿರುವ ಪ್ರೊಟೀನ್) ಜಾಸ್ತಿ ಇರುವುದರಿಂದ ಕಣ ಒಡೆಯದೆಯೂ ಕೂಂಬ್ಸ್ ಪಾಸಿಟಿವ್ ಬರಬಹುದು. ನಿಮ್ಮ ತಾಯಿಯವರಲ್ಲಿ ಎಲ್ಲ ಸಾಕ್ಷಿಗಳೂ ಒಂದೇ ಕಡೆ ಇವೆ. ಆದ್ದರಿಂದಲೇ ಬೆಂಗಳೂರಿನ ವೈದ್ಯರ ತೀರ್ಮಾನ ನನಗೂ ಸರಿ ಅನ್ನಿಸುತ್ತದೆ.

ಕೂಂಬ್ಸ್ ಪರೀಕ್ಷೆಯ ಬಗ್ಗೆ ನನಗೊಂದು ಹಳೆಯ ನೋವಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ಮುಳಬಾಗಿಲು ಕಡೆಯ ಒಬ್ಬ ಹುಡುಗ ಬಂದಿದ್ದ. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಕಾಮಾಲೆ, ಕೆಂಪು ಕಣ ಒಡೆಯುತ್ತಿದೆ, ಕೂಂಬ್ಸ್ ನೆಗೆಟಿವ್. ಒಮ್ಮೊಮ್ಮೆ ಆಂಟಿಬಾಡಿ ಇದ್ದರೂ ಪರೀಕ್ಷೆಗೆ ಸಿಗುವುದಿಲ್ಲ ಅಂದುಕೊಂಡು ಸ್ಟೀರಾಯ್ಡ್ ಶುರು ಮಾಡಿದೆ. ನಾಲ್ಕು ದಿನದ ಮೇಲೆ ಕಣ್ಣಿನ ವೈದ್ಯರು ಕರಿಗುಡ್ಡೆಯ ಸುತ್ತ ಕಂದು ಉಂಗುರ ತೋರಿಸಿದರು. ವಿಲ್ಸನ್ ಕಾಯಿಲೆ. ದೇಹದಲ್ಲಿ ತಾಮ್ರ ತುಂಬಿಕೊಳ್ಳುವ ಹುಟ್ಟು ದೋಷ. ತಾಮ್ರವೇ ಲಿವರನ್ನೂ ಕೆಡಿಸುತ್ತದೆ, ಕೆಂಪು ಕಣವನ್ನೂ ಒಡೆಯುತ್ತದೆ. ನಾಲ್ಕು ದಿನ ನಾನು ತಪ್ಪು ದಾರಿಯಲ್ಲಿದ್ದೆ. ಅದಕ್ಕೇ ಈಗ ಚಿಕ್ಕ ವಯಸ್ಸಿನವರಲ್ಲಿ ಲಿವರ್ ಮತ್ತು ರಕ್ತ ಒಟ್ಟಿಗೆ ಕೆಟ್ಟು ಕೂಂಬ್ಸ್ ನೆಗೆಟಿವ್ ಬಂದರೆ ತಾಮ್ರ ಹೊರುವ ಪ್ರೊಟೀನಾದ ಸೆರುಲೊಪ್ಲಾಸ್ಮಿನ್ ಪರೀಕ್ಷೆ ಅವತ್ತೇ ಕಳಿಸುತ್ತೇನೆ. ಆ ಕಾಯಿಲೆಯಲ್ಲಿ ಅಣ್ಣ ತಮ್ಮ ಅಕ್ಕ ತಂಗಿಯರನ್ನೂ ಪರೀಕ್ಷಿಸಬೇಕು. ನಿಮ್ಮ ಮನೆಯದು ಅದಲ್ಲ.

ಹಾಗಾದರೆ ಲಿವರ್ ಕಾಯಿಲೆಯೋ ರಕ್ತದ ಕಾಯಿಲೆಯೋ? ಮೂಲ ಒಂದೇ. ದಿಕ್ಕು ತಪ್ಪಿದ ಕಾವಲು ಪಡೆ. ಅದು ಎರಡು ವರ್ಷದ ಹಿಂದೆ ಲಿವರ್ ಮೇಲೆ ಬಿದ್ದಿತ್ತು, ಈಗ ರಕ್ತದ ಮೇಲೂ ಬಿದ್ದಿದೆ. ಇಂಥ ಕಾಯಿಲೆಗಳು ಹಲವರಲ್ಲಿ ಒಂಟಿಯಾಗಿ ಬರುವುದಿಲ್ಲ. ಥೈರಾಯ್ಡ್, ತೊನ್ನು, ಕೀಲು ನೋವು ಜೊತೆಗೂಡುವುದು ಸಾಮಾನ್ಯ. ರಕ್ತದ ಕಣಗಳ ಮೇಲೇ ಬೀಳುವುದು ಅಪರೂಪ, ಆದರೆ ಗೊತ್ತಿರುವ ಸಂಗತಿ. ಮಾತ್ರೆ ಬಿಟ್ಟದ್ದು ಕಾರಣವಾ? ಆಗಿರುವ ಸಾಧ್ಯತೆ ಹೆಚ್ಚು. ಆ ಮಾತ್ರೆಗಳು ಲಿವರನ್ನು ಮಾತ್ರವಲ್ಲ, ಪಡೆಯನ್ನೇ ಹಿಡಿದಿಟ್ಟಿದ್ದವು. ಹಾಗಂತ ಅಮ್ಮನನ್ನು ಬೈಯಬೇಡಿ. ಮುಖ ಊದಿ, ಶುಗರ್ ಏರಿ, ಯಾರೂ ಕೂರಿಸಿಕೊಂಡು ವಿವರಿಸದಿದ್ದರೆ ನಾನೂ ಬಿಡುತ್ತಿದ್ದೆನೇನೋ.

ಅಜಥಯೊಪ್ರಿನ್ ಮಾತ್ರೆಯನ್ನೂ ಒಮ್ಮೆ ಅನುಮಾನದಿಂದ ನೋಡಬೇಕು. ಅದು ಮಜ್ಜೆಯನ್ನು ಕುಗ್ಗಿಸಬಲ್ಲದು. ಕೆಲವರ ದೇಹದಲ್ಲಿ ಅದನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಭಾರತ, ಚೀನಾ, ಜಪಾನ್ ಕಡೆಯವರಲ್ಲಿ ಎನ್‌ಯುಡಿಟಿ15 ಎನ್ನುವ ಜೀನ್‌ನ ದೋಷ ಯುರೋಪಿನವರಿಗಿಂತ ಹೆಚ್ಚು ಕಾಣುತ್ತದೆ. ಅಂಥವರಲ್ಲಿ ಸಣ್ಣ ಡೋಸ್ ಕೂಡ ಬಿಳಿ ಕಣಗಳನ್ನು ಕುಸಿಯುವಂತೆ ಮಾಡುತ್ತದೆ. ನಿಮ್ಮ ತಾಯಿಯವರ ಬಿಳಿ ಕಣ 7,800. ಎಳೆಯ ಕೆಂಪು ಕಣ ಹೇರಳ. ಹಾಗಾಗಿ ಈ ಸಲ ಮಾತ್ರೆ ತಪ್ಪಿತಸ್ಥ ಅಲ್ಲ. ಆದರೆ ಒಂದು ಎಚ್ಚರಿಕೆ. ಯೂರಿಕ್ ಆಸಿಡ್‌ಗೆ ಕೊಡುವ ಅಲೊಪ್ಯೂರಿನಾಲ್, ಫೆಬುಕ್ಸೊಸ್ಟಾಟ್ ಮಾತ್ರೆಗಳನ್ನು ಅಜಥಯೊಪ್ರಿನ್ ಜೊತೆ ನುಂಗಿದರೆ ಮಜ್ಜೆ ನೆಲ ಕಚ್ಚುತ್ತದೆ. ಕೀಲು ನೋವು ಅಂತ ಬೇರೆ ಕಡೆ ತೋರಿಸಿದಾಗ ಇದನ್ನು ಬಾಯಿಬಿಟ್ಟು ಹೇಳಿ.

ಬ್ಲಡ್ ಕ್ಯಾನ್ಸರ್‌ನಂತೆ ಕಾಣುತ್ತಿಲ್ಲ. ಆದರೆ ‘ಅಲ್ಲ’ ಅಂತ ಹೇಳುವ ಮೊದಲು ನೋಡುವುದು ವೈದ್ಯರ ಕರ್ತವ್ಯ. ಲಿಂಫೋಮಾ ಎಂಬ ಕೆಲವು ರಕ್ತದ ಕ್ಯಾನ್ಸರ್‌ಗಳು ಇವಾನ್ಸ್ ವೇಷದಲ್ಲಿ ಬರುತ್ತವೆ. ಅದಕ್ಕೇ ಮಜ್ಜೆ ಪರೀಕ್ಷೆ, ಸಿಟಿ ಸ್ಕ್ಯಾನ್ ಬರೆದಿರುವುದು. ಸೊಂಟದ ಮೂಳೆಗೆ ಸೂಜಿ ಹಾಕುತ್ತಾರೆ, ಹತ್ತು ಹದಿನೈದು ನಿಮಿಷದ ಕೆಲಸ. ಪ್ಲೇಟ್‌ಲೆಟ್ ಕಡಿಮೆ ಇದ್ದರೂ ಮಾಡಬಹುದು, ಆಮೇಲೆ ಒತ್ತಿ ಹಿಡಿದರೆ ಸಾಕು. ಇದರ ಜೊತೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ, ಲೂಪಸ್ (ಇನ್ನೊಂದು ಆಟೋಇಮ್ಯೂನ್ ಕಾಯಿಲೆ), ಥೈರಾಯ್ಡ್ ಪರೀಕ್ಷೆಗಳೂ ಆಗಬೇಕು. ಹೆಪಟೈಟಿಸ್ ಸಿ ವೈರಸ್ ಒಂದೇ ಲಿವರನ್ನೂ ಕೆಡಿಸಿ ಪ್ಲೇಟ್‌ಲೆಟ್ ಮೇಲೂ ಆಂಟಿಬಾಡಿ ಎಬ್ಬಿಸಬಲ್ಲದು. ಅದು ಸಿಕ್ಕರೆ ಚಿಕಿತ್ಸೆಯ ದಾರಿಯೇ ಬೇರೆ.

ನೀರಿನ ಪ್ರಶ್ನೆಯನ್ನು ಪ್ರತಿ ವಾರ ಯಾರಾದರೂ ಕೇಳುತ್ತಾರೆ. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ನಿಜ. ಅದು ಹಲ್ಲು ಕಂದು ಮಾಡುತ್ತದೆ, ಮೂಳೆ ಪೆಡಸಾಗಿಸಿ ನೋವು ಕೊಡುತ್ತದೆ. ಕುಡಿಯಲು ಶುದ್ಧ ನೀರಿನ ಘಟಕದ ನೀರು ಬಳಸಿ. ಆದರೆ ಈ ಕಾಯಿಲೆಯನ್ನು ಅದರ ತಲೆಗೆ ಕಟ್ಟಲು ಆಧಾರವಿಲ್ಲ.

ಅಮೃತಬಳ್ಳಿ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅದರ ಕಷಾಯ ಕುದಿಯಿತು. 2020ರ ಕೊನೆಯ ತಿಂಗಳುಗಳಲ್ಲಿ ಮುಂಬೈನ ಲಿವರ್ ವೈದ್ಯರು ಕಾಮಾಲೆಯಿಂದ ಬಂದ ಆರು ಜನರಲ್ಲಿ ಅಮೃತಬಳ್ಳಿ ಸೇವನೆ ಗುರುತಿಸಿದರು. 2021ರಲ್ಲಿ ವರದಿ ಪ್ರಕಟವಾಯಿತು. ಲಿವರ್ ಚೂರಿನಲ್ಲಿ ಕಂಡದ್ದು ಆಟೋಇಮ್ಯೂನ್ ಹೆಪಟೈಟಿಸ್‌ನಂಥದೇ ಚಿತ್ರ. ಅದು ನಿಜವಾದ ಅಮೃತಬಳ್ಳಿಯೇ ಅಲ್ಲ, ನೋಡಲು ಹಾಗೇ ಇರುವ ಬೇರೆ ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ತಕರಾರು ತೆಗೆಯಿತು. ಆ ಜಗಳ ದೊಡ್ಡವರಿಗೆ ಬಿಡೋಣ. ರೋಗ ನಿರೋಧಕ ಶಕ್ತಿ ‘ಹೆಚ್ಚಿಸುತ್ತದೆ’ ಅಂತಲೇ ಅದನ್ನು ಮಾರುವುದು. ನಿಮ್ಮ ತಾಯಿಯವರ ಕಷ್ಟವೇ ಆ ಶಕ್ತಿ ಹದ್ದು ಮೀರಿರುವುದು. ಇವತ್ತೇ ನಿಲ್ಲಿಸಿ. ಎಷ್ಟು ದಿನ, ಎಷ್ಟು ಕುಡಿದರು ಅಂತ ವೈದ್ಯರಿಗೆ ಹೇಳಿ. ಕಾಮಾಲೆಗೆ ನಾಟಿ ಔಷಧಿ, ಕೈಗೆ ಬರೆ ಹಾಕಿಸುವುದು, ಇವೂ ಬೇಡ. ಪ್ಲೇಟ್‌ಲೆಟ್ 14 ಸಾವಿರ ಇರುವಾಗ ಬರೆಯ ಗಾಯ ಆಟವಲ್ಲ.

ಪಪ್ಪಾಯ ಎಲೆ ರಸ? ಮಳೆಗಾಲ ಬಂದರೆ ನಮ್ಮ ಕಡೆ ಪಪ್ಪಾಯ ಗಿಡಗಳು ಬೋಳಾಗುತ್ತವೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಕೆಲವು ದಿನಕ್ಕೆ ಏರುತ್ತದೆ. ಆ ಹೊತ್ತಿಗೆ ಏನು ಕುಡಿಸಿದ್ದರೋ ಅದಕ್ಕೆ ಹೆಸರು. ಆಂಟಿಬಾಡಿ ಕೆಲಸ ಮಾಡುತ್ತಿರುವಾಗ ಅದು ತಾನಾಗಿ ಏರುವುದಿಲ್ಲ.

ಈಗ ಸ್ಟೀರಾಯ್ಡ್. ‘ಆವಾಗ ಕೆಡಿಸಿದ ಮಾತ್ರೆಯನ್ನೇ ಮತ್ತೆ ಯಾಕೆ?’ ಅಂತ ಕೇಳಿದ್ದೀರಿ. ಯಾಕೆಂದರೆ ಇಲ್ಲಿ ಅದು ಎರಡೂ ಕಡೆ ಕೆಲಸ ಮಾಡುತ್ತದೆ. ಲಿವರ್‌ನ ಉರಿಯೂತವೂ ಇಳಿಯುತ್ತದೆ, ರಕ್ತದ ಕಣಗಳ ನಾಶವೂ ನಿಲ್ಲುತ್ತದೆ. ಎರಡಕ್ಕೂ ಒಟ್ಟಿಗೆ ಇಷ್ಟು ಬೇಗ ಹಿಡಿತ ಕೊಡುವ ಬೇರೆ ಔಷಧಿ ಸಿಗುವುದು ಕಷ್ಟ. ಸಾಮಾನ್ಯವಾಗಿ ದೇಹತೂಕದ ಪ್ರತಿ ಕೆಜಿಗೆ ಒಂದು ಮಿಲಿಗ್ರಾಂ ಪ್ರೆಡ್ನಿಸೊಲೋನ್‌ನಿಂದ ಶುರು. ಒಂದರಿಂದ ಮೂರು ವಾರದಲ್ಲಿ ಫಲ ಕಾಣಬೇಕು. ಆಮೇಲೆ ತಿಂಗಳುಗಟ್ಟಲೆ ಮೆಲ್ಲಗೆ ಇಳಿಸುವುದು. ಹಠಾತ್ತಾಗಿ ನಿಲ್ಲಿಸಿದರೆ ಕಾಯಿಲೆ ಮರಳುವುದಲ್ಲದೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಕಳೆದ ಸಲ ಬಿಪಿ ಕುಸಿಯದ್ದು ಅದೃಷ್ಟ. ‘ಅಡ್ಡ ಪರಿಣಾಮ ಕಡಿಮೆ ಇರುವ ಬುಡೆಸೊನೈಡ್ ಸ್ಟೀರಾಯ್ಡ್ ಕೊಡಬಾರದಾ’ ಅಂತ ಯಾರಾದರೂ ಹೇಳಿಯಾರು. ಸಿರೋಸಿಸ್ ಇದ್ದವರಿಗೆ ಅದು ಸಲ್ಲದು. ಗಟ್ಟಿಯಾದ ಲಿವರ್ ಅದನ್ನು ಸೋಸಿಕೊಳ್ಳದೆ ಇಡೀ ಮೈಗೆ ಬಿಟ್ಟುಬಿಡುತ್ತದೆ.

ಅಡ್ಡ ಪರಿಣಾಮ ಈ ಸಲವೂ ಇರುತ್ತದೆ. ಅದನ್ನು ಮುಚ್ಚಿಟ್ಟು ಔಷಧಿ ಕೊಟ್ಟರೆ ಅಮ್ಮ ಮತ್ತೆ ಬಿಡುತ್ತಾರೆ. ಮುಖ ಊದುತ್ತದೆ, ಡೋಸ್ ಇಳಿದಂತೆ ಇಳಿಯುತ್ತದೆ. ಶುಗರ್ ಏರುತ್ತದೆ, ಮೊದಲ ವಾರದಿಂದಲೇ ನೋಡಿಕೊಳ್ಳಬೇಕು, ಬೇಕಿದ್ದರೆ ಕೆಲವು ತಿಂಗಳು ಇನ್ಸುಲಿನ್. ನಿದ್ದೆ ಕೆಡುತ್ತದೆ, ಬೆಳಗ್ಗೆಯೇ ನುಂಗಿದರೆ ಸ್ವಲ್ಪ ವಾಸಿ. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ. ಶುರು ಮಾಡುವಾಗಲೇ ಎದೆಯ ಎಕ್ಸ್‌ರೇ ತೆಗೆಸಿ ಟಿಬಿ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಬರಿಗಾಲಲ್ಲಿ ಹೊಲ ತಿರುಗುವವರ ಕರುಳಲ್ಲಿ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ವರ್ಷಗಟ್ಟಲೆ ಅಡಗಿರಬಹುದು. ಸ್ಟೀರಾಯ್ಡ್ ಕೊಟ್ಟಾಗ ಅದು ಮೈಯೆಲ್ಲ ಹರಡುತ್ತದೆ. ಆ ಬಗ್ಗೆಯೂ ಕೇಳಿ.

ಸ್ಟೀರಾಯ್ಡ್ ಇಳಿಸಲು ಜೊತೆಗೊಂದು ಮಾತ್ರೆ ಬೇಕು. ಅಜಥಯೊಪ್ರಿನ್ ಒಗ್ಗಿದರೆ ಅದೇ, ಇಲ್ಲದಿದ್ದರೆ ಮೈಕೊಫಿನೊಲೇಟ್. ಇವೂ ಲಿವರ್, ರಕ್ತ ಎರಡಕ್ಕೂ ಸಲ್ಲುವ ಔಷಧಿಗಳೇ.

ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಬಗ್ಗೆ ಹೆದರಿಸಿದ್ದಾರೆ ಅಂತ ಬರೆದಿದ್ದೀರಿ. ಆಂಟಿಬಾಡಿ ತಯಾರಿಸುವ ಬಿ ಕಣಗಳನ್ನು ಅದು ಖಾಲಿ ಮಾಡುತ್ತದೆ. ಸಾಮಾನ್ಯವಾಗಿ ವಾರಕ್ಕೊಂದರಂತೆ ನಾಲ್ಕು ಸಲ, ಡ್ರಿಪ್‌ನಲ್ಲಿ. ಫಲ ಕಾಣಲು ಕೆಲವು ವಾರ ಬೇಕು. ಕೂಂಬ್ಸ್ ಪಾಸಿಟಿವ್ ರಕ್ತಹೀನತೆಯಲ್ಲಿ ಒಳ್ಳೆಯ ಔಷಧಿ, ಇವಾನ್ಸ್‌ನಲ್ಲಿ ಬೇಗನೆ ಸೇರಿಸುವುದೂ ಉಂಟು. ಮೊದಲು ದುಬಾರಿ ಇತ್ತು. 2007ರಿಂದ ನಮ್ಮ ದೇಶದಲ್ಲೇ ತಯಾರಾಗುತ್ತಿರುವುದರಿಂದ ಬೆಲೆ ಇಳಿದಿದೆ. ಆದರೆ ಒಂದು ಪರೀಕ್ಷೆ ಇಲ್ಲದೆ ಅದನ್ನು ಮುಟ್ಟಲೂ ಬಾರದು. ಅದು ಹೆಪಟೈಟಿಸ್ ಬಿ. ಈಗ ವೈರಸ್ ಇದೆಯೇ ಅಂತ ನೋಡುವ ಎಚ್‌ಬಿಎಸ್‌ಎಜಿ ಒಂದೇ ಸಾಲದು, ಹಿಂದೆ ಬಂದಿತ್ತೇ ಅಂತ ತಿಳಿಸುವ ‘ಆಂಟಿ ಎಚ್‌ಬಿಸಿ’ ಕೂಡ ಬೇಕು. ಎಂದೋ ಬಂದು ವಾಸಿಯಾದ ವೈರಸ್ ಈ ಇಂಜೆಕ್ಷನ್ ಬಿದ್ದ ಮೇಲೆ ಎದ್ದು ಕೂತು, ಈಗಾಗಲೇ ಸೊರಗಿದ ಲಿವರನ್ನು ಮುಗಿಸಿಬಿಡಬಹುದು. ಪಾಸಿಟಿವ್ ಬಂದರೆ ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆಯ ರಕ್ಷಣೆಯಲ್ಲಿ ಕೊಡಬಹುದು. ಸಿರೋಸಿಸ್ ಇರುವವರಲ್ಲಿ ಸೋಂಕಿನ ಭಯ ಹೇಗೂ ಜಾಸ್ತಿ. ಹಾಗಾಗಿ ಸ್ಟೀರಾಯ್ಡ್‌ಗೆ ಚೆನ್ನಾಗಿ ಬಗ್ಗಿದರೆ ನಾನಾದರೆ ಅವಸರ ಮಾಡುವುದಿಲ್ಲ.

ಪ್ಲೇಟ್‌ಲೆಟ್ ಏರಿಸುವ ಎಲ್ಟ್ರಾಂಬೊಪ್ಯಾಗ್ ಮಾತ್ರೆಯೂ ಇದೆ. ಮಜ್ಜೆಗೆ ಕರೆ ಕೊಡುವ ಹಾರ್ಮೋನಿನ ಕೆಲಸ ಮಾಡುತ್ತದೆ. ಐಟಿಪಿಯಲ್ಲಿ ಬಹಳ ಬಳಕೆಯಲ್ಲಿದೆ. ಆದರೆ ಸಿರೋಸಿಸ್ ರೋಗಿಗಳಲ್ಲಿ ನಡೆದ ಒಂದು ದೊಡ್ಡ ಪ್ರಯೋಗವನ್ನು ಲಿವರ್‌ಗೆ ಹೋಗುವ ಪೋರ್ಟಲ್ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರಿಂದ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಪ್ಲೇಟ್‌ಲೆಟ್ ಕಡಿಮೆ ಇದ್ದವರಲ್ಲೂ ಹೆಪ್ಪಾ ಅಂತ ಆಶ್ಚರ್ಯವಾಗಬಹುದು. ಲಿವರ್ ಕೆಟ್ಟಾಗ ರಕ್ತ ಹೆಪ್ಪುಗಟ್ಟಿಸುವ ಅಂಶಗಳೂ ಕಮ್ಮಿಯಾಗುತ್ತವೆ, ಅದನ್ನು ತಡೆಯುವ ಅಂಶಗಳೂ ಕಮ್ಮಿಯಾಗುತ್ತವೆ. ತಕ್ಕಡಿ ಯಾವ ಕಡೆಗಾದರೂ ವಾಲಬಹುದು. ಕೆಂಪು ಕಣ ಒಡೆಯುವ ಕಾಯಿಲೆಯೂ ಹೆಪ್ಪಿನ ಕಡೆಗೇ ತಳ್ಳುತ್ತದೆ. ಹಾಗಾಗಿ ಈ ಮಾತ್ರೆ ಕೊಡಲೇಬೇಕಾದರೆ ಸಣ್ಣ ಡೋಸ್‌ನಲ್ಲಿ, 50 ಸಾವಿರ ದಾಟಿಸುವಷ್ಟಕ್ಕೆ ಮಾತ್ರ. ಎರಡು ಲಕ್ಷ ಮುಟ್ಟಿಸುವ ಹಟ ಬೇಡ. ನಮ್ಮ ಕಡೆಯವರಿಗೆ ಇನ್ನೊಂದು ಮಾತು: ಇದು ಕ್ಯಾಲ್ಸಿಯಂ ಜೊತೆ ಹೊಟ್ಟೆಯಲ್ಲೇ ಗಂಟುಬಿದ್ದು ಮೈಗೆ ಹತ್ತುವುದಿಲ್ಲ. ನಮ್ಮ ಊಟವೇ ರಾಗಿ ಮುದ್ದೆ, ಹಾಲು, ಮಜ್ಜಿಗೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಮಾತ್ರೆ ನುಂಗಿ ಎರಡು ಗಂಟೆಯಾದರೂ ಇವು ಬೇಡ, ಇವುಗಳನ್ನು ತಿಂದಿದ್ದರೆ ನಾಲ್ಕು ಗಂಟೆ ಬಿಟ್ಟು ಮಾತ್ರೆ. ಬೆಳಗ್ಗೆ ಐದಕ್ಕೆ ಎದ್ದು ನುಂಗಿ ಏಳರ ಮೇಲೆ ಕಾಫಿ ಕುಡಿದರೆ ಆಯಿತು. ‘ಔಷಧಿ ಕೆಲಸ ಮಾಡಲಿಲ್ಲ’ ಅಂತ ಬಂದ ಒಬ್ಬರ ತೊಂದರೆ ಬರೀ ರಾಗಿ ಗಂಜಿಯಾಗಿತ್ತು.

ಗುಲ್ಮ ತೆಗೆಸುವ ಸಲಹೆ ಹಳೆಯ ಕಾಲದ್ದು, ಅಷ್ಟೇನೂ ಸುಳ್ಳಲ್ಲ. ಲಿವರ್ ಚೆನ್ನಾಗಿರುವ ಐಟಿಪಿ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅದು ಉಪಯೋಗವಾಗುತ್ತದೆ. ಅವರಲ್ಲೂ ಕಾಯಿಲೆ ಶುರುವಾಗಿ ಒಂದು ವರ್ಷವಾದರೂ ಕಾಯುವುದು ಈಗಿನ ಪದ್ಧತಿ. ನಿಮ್ಮ ತಾಯಿಯವರ ಮಾತು ಬೇರೆ. ಲಿವರ್‌ನ ಒತ್ತಡದಿಂದ ಗುಲ್ಮದ ಸುತ್ತ ರಕ್ತನಾಳಗಳು ಹಗ್ಗದ ಹಾಗೆ ಉಬ್ಬಿರುತ್ತವೆ. ಆಪರೇಷನ್‌ನಲ್ಲಿ ರಕ್ತ ಸುರಿಯುವ ಭಯ, ಆಮೇಲೆ ಪೋರ್ಟಲ್ ನಾಳದಲ್ಲಿ ಹೆಪ್ಪು, ಜೀವನಪೂರ್ತಿ ನ್ಯುಮೊಕಾಕಸ್‌ನಂಥ ಸೋಂಕುಗಳ ಭಯ. ಇವಾನ್ಸ್‌ನಲ್ಲಿ ಫಲವೂ ಬಹಳ ದಿನ ನಿಲ್ಲುವುದಿಲ್ಲ. ನಾನಂತೂ ಈಗ ಒಪ್ಪುವುದಿಲ್ಲ. ಎಂದಾದರೂ ಬೇಕೇ ಬೇಕಾದರೆ ಎರಡು ವಾರ ಮೊದಲೇ ಲಸಿಕೆಗಳು ಆಗಿರಬೇಕು.

ರಕ್ತ ಹಾಕಿಸುವ ಬಗ್ಗೆ ಒಂದು ಮಾತು, ಯಾಕೆಂದರೆ ಇಲ್ಲೇ ಮನೆಯವರು ಗಾಬರಿಯಾಗುವುದು. ಬ್ಲಡ್ ಬ್ಯಾಂಕ್‌ನವರು ‘ಯಾವ ರಕ್ತವೂ ಮ್ಯಾಚ್ ಆಗುತ್ತಿಲ್ಲ’ ಅನ್ನುತ್ತಾರೆ. ಗುಂಪು ಅದೇ ಇದ್ದರೂ ಹೀಗಾಗುತ್ತದೆ. ಅಮ್ಮನ ಆಂಟಿಬಾಡಿ ಎಲ್ಲರ ಕೆಂಪು ಕಣಕ್ಕೂ ಅಂಟಿಕೊಳ್ಳುವುದೇ ಕಾರಣ. ಉಸಿರು ಕಟ್ಟುತ್ತಿದ್ದರೆ, ಎದೆ ನೋವಿದ್ದರೆ ಅದಕ್ಕಾಗಿ ಕಾದು ಕೂರಬಾರದು. ಇರುವುದರಲ್ಲಿ ಕಡಿಮೆ ವಿರೋಧ ತೋರುವ ರಕ್ತವನ್ನು ನಿಧಾನವಾಗಿ, ಪಕ್ಕದಲ್ಲಿ ನಿಂತು ಹಾಕಬಹುದು. ಹಿಂದೆ ಯಾವಾಗ ರಕ್ತ ಹಾಕಿಸಿದ್ದಿರಿ, ಎಷ್ಟು ಹೆರಿಗೆಯಾಗಿದೆ ಅಂತ ಮೊದಲೇ ತಿಳಿಸಿ. ಜೊತೆಗೆ ದಿನಾ ಫೋಲಿಕ್ ಆಸಿಡ್ ಮಾತ್ರೆ. ಇಷ್ಟು ವೇಗದಲ್ಲಿ ಕಣ ತಯಾರಿಸುವ ಮಜ್ಜೆಗೆ ಅದು ಬೇಕು.

ಪ್ಲೇಟ್‌ಲೆಟ್ 30 ಸಾವಿರ ದಾಟಿ ರಕ್ತಸ್ರಾವ ಇಲ್ಲದಿದ್ದರೆ ಪ್ಲೇಟ್‌ಲೆಟ್‌ಗೆ ಅಂತ ಬೇರೆ ಔಷಧಿ ಹೆಚ್ಚಿಸುವ ಅಗತ್ಯವಿರುವುದಿಲ್ಲ. ದಿನಾ ಲ್ಯಾಬ್‌ಗೆ ಓಡುವವರನ್ನು ನೋಡಿದ್ದೇನೆ. ಬೆಳಗ್ಗೆ 31, ಸಂಜೆ 28, ಮನೆಯೆಲ್ಲ ಅಳು. ಅಷ್ಟು ವ್ಯತ್ಯಾಸ ಮೆಷಿನ್‌ನಲ್ಲೇ ಇರುತ್ತದೆ. ಕೆಲವೊಮ್ಮೆ ಟ್ಯೂಬ್‌ನಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿ ಸುಳ್ಳು ಕಡಿಮೆ ತೋರಿಸುವುದೂ ಉಂಟು. ಸಂಶಯ ಬಂದರೆ ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪ್‌ನಲ್ಲಿ ನೋಡಲು ಹೇಳಿ.

ಮನೆಯಲ್ಲಿ: ಡೈಕ್ಲೊಫಿನ್ಯಾಕ್, ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಜ್ವರ ನೋವಿಗೆ ಪ್ಯಾರಾಸಿಟಮಾಲ್, ದಿನಕ್ಕೆ ಒಟ್ಟು ಎರಡು ಗ್ರಾಂ ಮೀರದ ಹಾಗೆ. ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ ಯಾರು ಕೊಡಲು ಬಂದರೂ ಬೇಡ ಅನ್ನಿ, ಸ್ನಾಯುವಿನೊಳಗೆ ರಕ್ತ ಕಟ್ಟಿಕೊಳ್ಳುತ್ತದೆ. ಮುಟ್ಟಿನ ರಕ್ತಸ್ರಾವಕ್ಕೆ ಸ್ತ್ರೀರೋಗ ತಜ್ಞರನ್ನು ಬೇಗ ಕಾಣಿಸಿ. ಎಂಡೊಸ್ಕೋಪಿ ಆಗಿದೆಯೇ ಅಂತ ಕೇಳಿ. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಇದ್ದು ಪ್ಲೇಟ್‌ಲೆಟ್ ಕಡಿಮೆ ಇದ್ದರೆ ನನಗೆ ನಿಜಕ್ಕೂ ಭಯವಾಗುವುದು ಅಲ್ಲಿ. ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಜೋರು ತಲೆನೋವು, ಮಂಪರು ಅಥವಾ ಹಗಲು ನಿದ್ದೆ ರಾತ್ರಿ ಎಚ್ಚರ, ಚಳಿ ಜ್ವರ, ಒಂದೇ ಕಾಲು ಊದುವುದು, ಹೊಟ್ಟೆ ದಿಢೀರನೆ ಉಬ್ಬುವುದು. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ.

ಇದು ಅಂಟುರೋಗವಲ್ಲ. ಆಟೋಇಮ್ಯೂನ್ ಕಾಯಿಲೆಯ ಒಲವು ಕೆಲವು ಮನೆತನಗಳಲ್ಲಿ ಸ್ವಲ್ಪ ಜಾಸ್ತಿ ಅಷ್ಟೇ. ನಿಮಗೂ ತಂಗಿಗೂ ತೊಂದರೆ ಏನೂ ಇಲ್ಲದಿದ್ದರೆ ಪರೀಕ್ಷೆ ಬೇಕಿಲ್ಲ. ಒಂದೇ ತಟ್ಟೆಯಲ್ಲಿ ಊಟ ಮಾಡಿ, ಏನೂ ಆಗುವುದಿಲ್ಲ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಯಾವ ಚಿಕಿತ್ಸೆ ಅದರಡಿ ಬರುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ಕೇಳಿ. ಲಿವರ್ ಮತ್ತು ರಕ್ತದ ವೈದ್ಯರು ಬೇರೆ ಬೇರೆ ಕಡೆ ಇದ್ದರೆ ಒಂದೇ ಫೈಲ್ ಇಡಿ. ಒಬ್ಬರು ಬದಲಿಸಿದ ಡೋಸ್ ಇನ್ನೊಬ್ಬರಿಗೆ ಅವತ್ತೇ ಗೊತ್ತಾಗಲಿ. ಇಂಥ ರೋಗಿಗಳು ತಪ್ಪಿಹೋಗುವುದು ಆ ಇಬ್ಬರು ವೈದ್ಯರ ನಡುವಿನ ಸಂದಿಯಲ್ಲೇ.

ಇನ್ನು ಬೇಸಿನ್ ವಿಷಯ. ಹಿಮೋಗ್ಲೋಬಿನ್ 9 ದಾಟಿ, ಪ್ಲೇಟ್‌ಲೆಟ್ 50 ಸಾವಿರದ ಮೇಲೆ ನಿಂತು, ಸುಸ್ತು ಕಡಿಮೆಯಾದರೆ ಕೂರಲಿ. ಸುಮ್ನೆ ಮನೆಯಲ್ಲಿ ಮಲಗಿಸಿದರೆ ಸ್ಟೀರಾಯ್ಡ್ ಮೂಳೆ, ಸ್ನಾಯು ಎರಡನ್ನೂ ಇನ್ನಷ್ಟು ಸವೆಸುತ್ತದೆ. ಆದರೆ ಮೊದಮೊದಲು ಅರ್ಧ ದಿನ ಸಾಕು. ಗೂಡು ಬೇಯಿಸುವ ಬಿಸಿನೀರಿನಲ್ಲಿ ಕೈ ಆಡಿಸುವ ಕೆಲಸ ಬೇರೆಯವರು ಮಾಡಲಿ. ದಿನವೆಲ್ಲ ನೀರಲ್ಲಿ ನೆನೆದು ಬಿರುಕು ಬಿಟ್ಟ ಬೆರಳಿಗೆ ಸೋಂಕು ಹತ್ತಿದರೆ ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಅದು ಬೇಗ ಮೇಲೇರುತ್ತದೆ. ಕೆಲಸ ಮುಗಿದ ಮೇಲೆ ಕೈ ಒಣಗಿಸಿ ಕೊಬ್ಬರಿ ಎಣ್ಣೆ ಹಚ್ಚಲಿ. ಉಗುರಿನ ಸುತ್ತ ಕೆಂಪಾಗಿ ಊದಿದ್ದರೆ ನನಗಾಗಲಿ, ನಿಮ್ಮ ಹತ್ತಿರದ ವೈದ್ಯರಿಗಾಗಲಿ ಅವತ್ತೇ ತೋರಿಸಿ.